ತಿಮಿಂಗಿಲದ ದಾಯಾದಿ

ತಿಮಿಂಗಿಲವನ್ನು ಮೀನೆಂದು ಭಾವಿಸುವ ರೂಢಿ ಹಳೆಯದು. ಆದರೆ ಅದು ಶ್ವಾಸಕೋಶದಿಂದ ಉಸಿರಾಡುತ್ತದೆ, ಮರಿಗೆ ಹಾಲೂಡುತ್ತದೆ. ಅದರ ಪೂರ್ವಜರು ನೆಲದವರು.

ಭೂವಿಜ್ಞಾನಿ ಎ. ರಂಗರಾವ್ ಅವರು ಜಮ್ಮು ಸೀಮೆಯ ಕಾಲಾಕೋಟ್ ಬಳಿ ದೊರೆತ ಪ್ರಾಣಿಯೊಂದರ ಅವಶೇಷಕ್ಕೆ 1971ರಲ್ಲಿ ‘ಇಂಡೋಹ್ಯೂಸ್’ ಎಂದು ಹೆಸರಿಟ್ಟರು. ಅವರು ಕಾಲವಾದ ಮೇಲೆ, ಒಡೆಯದೆ ಉಳಿದಿದ್ದ ಕಲ್ಲುಗಳನ್ನು ಅವರ ಪತ್ನಿ ಥೆವಿಸೆನ್ ಎಂಬ ವಿದ್ವಾಂಸರಿಗೆ ಒಪ್ಪಿಸಿದರು. ಶೋಧನೆಯ ವೇಳೆ ತಲೆಬುರುಡೆಯೊಂದು ಅಕಸ್ಮಾತ್ತಾಗಿ ಮುರಿಯಿತು. ತಿಮಿಂಗಿಲ ಕುಲಕ್ಕೇ ಮೀಸಲೆಂದು ತಿಳಿದಿದ್ದ ದಪ್ಪನೆಯ ಕಿವಿಯೆಲುಬು ಅಲ್ಲಿ ಕಂಡಿತು. ಸುಮಾರು 4.8 ಕೋಟಿ ವರ್ಷಗಳ ಹಿಂದೆ ನೀರಿಗಿಳಿದು ನಡೆಯುತ್ತಿದ್ದ ಈ ಪುಟ್ಟ ಗೊರಸಿನ ಪ್ರಾಣಿ ತಿಮಿಂಗಿಲಕ್ಕೆ ತಾಯಿಯಲ್ಲ, ಹತ್ತಿರದ ದಾಯಾದಿ ಎಂಬುದು 2007ರಲ್ಲಿ ಪ್ರಕಟವಾಯಿತು.

ಗಂಡನ ಕಲ್ಲುಗಳನ್ನು ಆಕೆ ಹೊರಗೆಸೆದಿದ್ದರೆ ಈ ನೆಂಟಸ್ತಿಕೆ ಇನ್ನೆಷ್ಟು ಕಾಲ ಮರೆಯಾಗಿರುತ್ತಿತ್ತೋ!