‘ದಿ ಪ್ರೆಗ್ನೆಂಟ್ ಕಿಂಗ್’: ಮಾಯೆ, ಮೈ ಮತ್ತು ಆಸ್ಥಾನ

ಮಹಾಭಾರತದ ವನಪರ್ವದಲ್ಲಿ ಯುವನಾಶ್ವನ ಕಥೆ ಬೇಗ ಮುಗಿದುಹೋಗುತ್ತದೆ. ಮಕ್ಕಳಿಲ್ಲದ ಅರಸ ರಾತ್ರಿ ಬಾಯಾರಿ, ರಾಣಿಗೆಂದು ಮಂತ್ರಿಸಿಟ್ಟ ನೀರು ಕುಡಿಯುತ್ತಾನೆ. ಅವನ ಎಡಪಕ್ಕೆ ಸೀಳಿಕೊಂಡು ಮಾಂಧಾತ ಹುಟ್ಟುತ್ತಾನೆ. ಹಾಲಿಲ್ಲದ ಕೂಸಿಗೆ ಇಂದ್ರ ತನ್ನ ಬೆರಳನ್ನೇ ಚೀಪಲು ಕೊಡುತ್ತಾನೆ. ಹೆತ್ತವನಿಗೆ ಏನನ್ನಿಸಿತೆಂದು ಅಲ್ಲಿ ಯಾರೂ ಕೇಳುವುದಿಲ್ಲ. ದೇವದತ್ತ ಪಟ್ಟನಾಯಕರ ಇಂಗ್ಲಿಷ್ ಕಾದಂಬರಿ ‘ದಿ ಪ್ರೆಗ್ನೆಂಟ್ ಕಿಂಗ್’ (2008) ಕೇಳುವುದು ಅದನ್ನೇ. ಇಲ್ಲಿನ ಯುವನಾಶ್ವ ಕುರುಕ್ಷೇತ್ರ ಯುದ್ಧದ ಕಾಲದವನು, ವಲ್ಲಭಿಯ ಅರಸ. ಮಗನ ಬಾಯಲ್ಲಿ ‘ಅಮ್ಮ’ ಎನಿಸಿಕೊಳ್ಳುವ ಹಂಬಲ ಅವನನ್ನು ಬಿಡದೆ ಕಾಡುತ್ತದೆ.

ಕೃತಿಯುದ್ದಕ್ಕೂ ಮಾಯೆ ಮೈಯನ್ನು ಮತ್ತೆ ಮತ್ತೆ ತಿದ್ದುತ್ತದೆ. ಶಿಖಂಡಿ ಯಕ್ಷ ಸ್ಥೂಣಾಕರ್ಣನಿಂದ ಗಂಡಸುತನವನ್ನು ಎರವಲು ಪಡೆಯುತ್ತಾನೆ. ವಲ್ಲಭಿಯ ದೇವರು ಇಲೇಶ್ವರ ಹುಣ್ಣಿಮೆಗೆ ದೇವ, ಅಮಾವಾಸ್ಯೆಗೆ ದೇವಿ. ಆದರೆ ನನ್ನ ಓದಿನಲ್ಲಿ ಕಾದಂಬರಿಯ ಜೀವ ಇರುವುದು ಸುಮೇಧ–ಸೋಮವತ್ ಪ್ರಸಂಗದಲ್ಲಿ.

ಯಾಗದ ವೇಳೆ ದಂಪತಿಗಳಿಗೆ ಕೊಡುವ ಗೋದಾನದ ಆಸೆಗೆ ಇಬ್ಬರು ಬಡ ಬ್ರಾಹ್ಮಣ ಹುಡುಗರು ಗಂಡಹೆಂಡಿರ ವೇಷದಲ್ಲಿ ಬಂದು ಸಿಕ್ಕಿಬೀಳುತ್ತಾರೆ. ಆಮೇಲೆ ಯಕ್ಷನ ದೆಸೆಯಿಂದ ಸೋಮವತ್ ನಿಜಕ್ಕೂ ಹೆಣ್ಣಾಗುತ್ತಾನೆ. ಯುವನಾಶ್ವ ಒಪ್ಪುವುದಿಲ್ಲ; ಇಬ್ಬರನ್ನೂ ಸುಡಲಾಗುತ್ತದೆ. ಈ ಕಥೆಯ ಮೂಲ ಸ್ಕಾಂದಪುರಾಣದ ಬ್ರಹ್ಮೋತ್ತರಖಂಡದ್ದು. ಅಲ್ಲಿ ಹುಡುಗ ಹೆಣ್ಣಾಗುವುದು ದಂಪತಿಪೂಜೆ ಮಾಡಿದ ರಾಣಿ ಸೀಮಂತಿನಿಯ ಭಕ್ತಿಯ ಬಲದಿಂದ. ಹಿರಿಯರು ಎಷ್ಟು ಬೇಡಿಕೊಂಡರೂ ದೇವಿ ಅದನ್ನು ಹಿಂತೆಗೆಯುವುದಿಲ್ಲ. ಗೆಳೆಯನೇ ಅವಳ ಕೈಹಿಡಿಯುತ್ತಾನೆ. ಪುರಾಣ ಮದುವೆ ಮಾಡಿಸಿದ ಜೋಡಿಯನ್ನು ಕಾದಂಬರಿ ಬೆಂಕಿಗೆ ಕೊಟ್ಟಿದೆ. ಯುವನಾಶ್ವನ ಹಿರಿಯ ರಾಣಿಗೂ ಸೀಮಂತಿನಿ ಎಂದೇ ಹೆಸರಿರುವುದರಿಂದ, ಈ ತಿರುವು ಬೇಕೆಂದೇ ಮಾಡಿದ್ದು ಎನ್ನಬಹುದು. ಪುಸ್ತಕ ಬಂದಾಗ, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಂ ಪೂರ್ತಿಯಾಗಿ ಜಾರಿಯಲ್ಲಿತ್ತು. ವಲ್ಲಭಿಯ ಕ್ರೌರ್ಯ ಪುರಾಣದಿಂದ ಬಂದದ್ದಲ್ಲ, ನಮ್ಮ ಕಾಲದ್ದು ಎಂದು ನಾನು ಓದುತ್ತೇನೆ. ಬದಲಾದ ಮೈಯನ್ನು ಒಪ್ಪದ ಅರಸನ ಮೈಯೇ ಮುಂದೆ ಬಸಿರು ಹೊರುವುದರಲ್ಲಿ ಕಾದಂಬರಿಯ ನ್ಯಾಯವಿದೆ.

ಇಷ್ಟಾದರೂ ಮಾಯೆಯೇ ತೊಡಕಿನ ಮೂಲ ಎನ್ನುವಂತಿಲ್ಲ. ಅರಸನ ತಾಯಿ ಶೀಲಾವತಿಯನ್ನು ಯಾವ ಮಂತ್ರವೂ ಯಾವ ಯಕ್ಷನೂ ಮುಟ್ಟಿಲ್ಲ. ಧರ್ಮಶಾಸ್ತ್ರ ಬಲ್ಲವಳು, ವಿಧವೆಯಾಗಿ ವರ್ಷಗಟ್ಟಲೆ ರಾಜ್ಯವಾಳಿದವಳು. ಹೆಣ್ಣೆಂಬ ಒಂದೇ ಕಾರಣಕ್ಕೆ ಪಟ್ಟ ಅವಳದಾಗಲಿಲ್ಲ. ಸೋಮವತ್‌ನ ಮೈ ಬದಲಾಗಿತ್ತು, ಶೀಲಾವತಿಯದು ಹುಟ್ಟಿದಂತೆಯೇ ಇತ್ತು. ಆಸ್ಥಾನ ಇಬ್ಬರಿಗೂ ಇಲ್ಲವೆಂದಿತು.