ಬಳಕೆಯಿಲ್ಲದ ಲಾಗಿನ್ ತಾನಾಗಿ ಮುಕ್ತಾಯಗೊಳ್ಳುವ ವ್ಯವಸ್ಥೆ: ಅರ್ಜಿದಾರರಿಗೆ ಮಾಹಿತಿ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಸಾರ್ವಜನಿಕರು ಸೇವಾ ಸಿಂಧು, ನಾಡಕಚೇರಿ, ಕಾವೇರಿ ಮುಂತಾದ ತಂತ್ರಾಂಶಗಳಲ್ಲಿ ಅರ್ಜಿ ಭರ್ತಿ ಮಾಡುವಾಗ, ಸೆಷನ್ ಮುಕ್ತಾಯಗೊಂಡಿದೆ, ಪುನಃ ಲಾಗಿನ್ ಆಗಬೇಕು ಎಂಬ ಸೂಚನೆ ಕಾಣಿಸಿಕೊಳ್ಳುವುದುಂಟು. ಇದು ಅರ್ಜಿಯ ತಿರಸ್ಕಾರವಲ್ಲ. ಆದರೆ ಅರ್ಜಿ ಸಲ್ಲಿಕೆಯಾಗಿದೆ ಎಂದೂ ಇದರ ಅರ್ಥವಲ್ಲ. ಈ ಕುರಿತು ಅವಶ್ಯಕ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ವ್ಯವಸ್ಥೆ ಕೆಲಸ ಮಾಡುವ ಬಗೆ

ಲಾಗಿನ್ ಆದ ಪ್ರತಿಯೊಬ್ಬ ಬಳಕೆದಾರರಿಗೂ ಸರ್ವರ್ ಒಂದು ತಾತ್ಕಾಲಿಕ ಗುರುತನ್ನು ನೀಡುತ್ತದೆ. ಇದನ್ನು ಸೆಷನ್ ಎನ್ನುತ್ತಾರೆ. ಬಳಕೆದಾರರಿಂದ ಕೊನೆಯ ಕೋರಿಕೆ ಬಂದ ವೇಳೆಯನ್ನು ಸರ್ವರ್ ಗುರುತಿಟ್ಟುಕೊಂಡು, ನಿಗದಿತ ಅವಧಿಯೊಳಗೆ ಮತ್ತೊಂದು ಕೋರಿಕೆ ಬಾರದಿದ್ದಲ್ಲಿ ಆ ಗುರುತನ್ನು ರದ್ದುಪಡಿಸುತ್ತದೆ. ಈ ಅವಧಿ ಎಲ್ಲ ತಂತ್ರಾಂಶಗಳಿಗೂ ಒಂದೇ ಆಗಿರುವುದಿಲ್ಲ. ಬ್ಯಾಂಕ್ ಕಾರ್ಡ್‌ಗಳ ವಿವರ ನಿರ್ವಹಿಸುವ ವ್ಯವಸ್ಥೆಗಳಿಗೆ ಅಂತರರಾಷ್ಟ್ರೀಯ ಮಾನದಂಡದಲ್ಲಿ 15 ನಿಮಿಷಗಳ ಮಿತಿ ಇದೆ.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. ನಮೂನೆಯ ಒಂದು ಪುಟದಲ್ಲಿ ಅಕ್ಷರಗಳನ್ನು ನಮೂದಿಸುತ್ತಿರುವುದು ಸಾಮಾನ್ಯವಾಗಿ ಸರ್ವರ್‌ಗೆ ತಿಳಿಯುವುದಿಲ್ಲ. ಉಳಿಸುವ ಅಥವಾ ಮುಂದಿನ ಪುಟಕ್ಕೆ ಹೋಗುವ ಗುಂಡಿಯನ್ನು ಒತ್ತಿದಾಗ ಮಾತ್ರ ಕೋರಿಕೆ ತಲುಪುತ್ತದೆ. ಆದುದರಿಂದ ಸರ್ವೆ ನಂಬರ್ ಹುಡುಕುತ್ತಲೋ, ದಾಖಲೆ ಸ್ಕ್ಯಾನ್ ಮಾಡಿಸುತ್ತಲೋ ಶ್ರದ್ಧೆಯಿಂದ ಕೆಲಸ ಮಾಡುತ್ತಿರುವ ಅರ್ಜಿದಾರರೂ ಸರ್ವರ್‌ನ ಲೆಕ್ಕದಲ್ಲಿ ಸುಮ್ಮನೆ ಕುಳಿತವರೇ ಆಗುತ್ತಾರೆ. ಪಹಣಿ, ಪಡಿತರ ಚೀಟಿ, ಆಧಾರ್ ಸಂಖ್ಯೆ ಹಾಗೂ ಸ್ಕ್ಯಾನ್ ಮಾಡಿದ ಪ್ರತಿಗಳನ್ನು ಸಿದ್ಧಪಡಿಸಿಕೊಂಡ ನಂತರವೇ ಲಾಗಿನ್ ಆಗುವುದು ಸೂಕ್ತ. ಆಧಾರ್ ಒಟಿಪಿ 10 ನಿಮಿಷ ಮಾತ್ರ ಚಾಲ್ತಿಯಲ್ಲಿರುತ್ತದೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಚನೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಡಲಾಗಿರುವುದರಿಂದ, ಜಿಲ್ಲೆಗಳ ಪಟ್ಟಿಯಲ್ಲಿ ಒಂದು ಹೆಸರು ಸಿಗದಿದ್ದರೆ ಮತ್ತೊಂದನ್ನು ನೋಡತಕ್ಕದ್ದು.

ಈ ಕ್ರಮ ಏಕೆ

ಅನೇಕರು ಏಕಕಾಲಕ್ಕೆ ಬಳಸುವ ಗಣಕಯಂತ್ರಗಳು 1960ರ ದಶಕದಲ್ಲಿ ಬಂದಾಗ ಸಂಪರ್ಕಗಳ ಸಂಖ್ಯೆ ಬಹಳ ಕಡಿಮೆ ಇತ್ತು. ಸುಮ್ಮನಿರುವವರು ಜಾಗ ತೆರವು ಮಾಡದಿದ್ದರೆ ಬೇರೆಯವರಿಗೆ ಅವಕಾಶ ಸಿಗುತ್ತಿರಲಿಲ್ಲ. ಈಗ ಮುಖ್ಯ ಕಾರಣ ಹೊಣೆಗಾರಿಕೆ. ಭೂಮಿ ಯೋಜನೆಯಲ್ಲಿ ಪಹಣಿ ತಿದ್ದುಪಡಿ ಮಾಡುವ ಸಿಬ್ಬಂದಿ ಬೆರಳಚ್ಚಿನ ಮೂಲಕ ಲಾಗಿನ್ ಆಗುವ ಪದ್ಧತಿಯನ್ನು ತಂದದ್ದೇ, ಯಾವ ದಾಖಲೆಯನ್ನು ಯಾರು ಬದಲಾಯಿಸಿದರು ಎಂಬುದನ್ನು ಯಾರೂ ನಿರಾಕರಿಸಲಾಗದಂತೆ ಮಾಡಲು. ಲಾಗಿನ್ ಆದವರು ಊಟಕ್ಕೆ ಎದ್ದುಹೋದ ಮೇಲೂ ಪರದೆ ತೆರೆದೇ ಇದ್ದರೆ, ಬೆರಳಚ್ಚು ಒಬ್ಬರದು, ಕೆಲಸ ಇನ್ನೊಬ್ಬರದು ಎಂದಾಗುತ್ತದೆ. ರೈತರೊಬ್ಬರ ಜಮೀನಿನ ಹಕ್ಕು ಇಂತಹ ಒಂದು ಪರದೆಯ ಮೇಲೆ ನಿಂತಿರುವಾಗ, ಮತ್ತೆ ಲಾಗಿನ್ ಆಗುವ ಕಿರಿಕಿರಿ ಸಣ್ಣದು.

ಸಾತನೂರು, ಕೋಡಿಹಳ್ಳಿ, ಕುದೂರು ಮುಂತಾದ ಹೋಬಳಿಗಳಿಂದ ಬಂದು ಸೇವಾ ಕೇಂದ್ರ ಅಥವಾ ಸೈಬರ್ ಕೆಫೆಯ ಗಣಕಯಂತ್ರ ಬಳಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಕಿಟಕಿ ಮುಚ್ಚಿದ ಮಾತ್ರಕ್ಕೆ ಸೆಷನ್ ಕೊನೆಗೊಳ್ಳುತ್ತದೆಂದು ಭಾವಿಸತಕ್ಕದ್ದಲ್ಲ. ಸರ್ವರ್‌ನಲ್ಲಿ ಅದು ಅವಧಿ ಮುಗಿಯುವವರೆಗೆ ಉಳಿದಿರಬಹುದು. ಕೆಲಸ ಮುಗಿದೊಡನೆ ಲಾಗ್‌ಔಟ್ ಗುಂಡಿಯನ್ನೇ ಒತ್ತಬೇಕು. ಗುಪ್ತಪದವನ್ನು ನೆನಪಿಟ್ಟುಕೊಳ್ಳಲೇ ಎಂದು ಬ್ರೌಸರ್ ಕೇಳಿದಲ್ಲಿ ನಿರಾಕರಿಸಬೇಕು. ಬೇರೊಬ್ಬರ ಗುಪ್ತಪದವನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 66ಸಿ ಅನ್ವಯ 3 ವರ್ಷಗಳವರೆಗೆ ಕಾರಾಗೃಹ ವಾಸ ಹಾಗೂ 1 ಲಕ್ಷ ರೂಪಾಯಿವರೆಗೆ ದಂಡಕ್ಕೆ ಗುರಿಪಡಿಸಬಹುದಾದ ಅಪರಾಧ.

ಅರ್ಜಿ ಸಲ್ಲಿಕೆಯಾಗಿದೆಯೇ ಎಂದು ತಿಳಿಯುವುದು

ಕರ್ನಾಟಕ ಸಕಾಲ ಸೇವೆಗಳ ಕಾಯ್ದೆ, 2011ರ ವ್ಯಾಪ್ತಿಗೆ ಒಳಪಡುವ ಸೇವೆಗಳಲ್ಲಿ ಅರ್ಜಿ ಸ್ವೀಕೃತವಾದಾಗ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ ದೊರೆಯುತ್ತದೆ. ವಿಲೇವಾರಿಯ ಕಾಲಮಿತಿಯನ್ನು ಈ ಸಂಖ್ಯೆಯ ಆಧಾರದ ಮೇಲೆಯೇ ಕೇಳಬೇಕಾಗುತ್ತದೆ. ವಿಳಂಬವಾದಲ್ಲಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ವೆಚ್ಚ ಕೋರಲೂ ಇದೇ ಆಧಾರ. ಅರ್ಧಕ್ಕೆ ನಿಂತ ನಮೂನೆಗೆ ಈ ಹಕ್ಕು ಇಲ್ಲ. ಮಗನ ಕಾಲೇಜು ಪ್ರವೇಶಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಕೋರಿದವರು, ಅರ್ಜಿ ಹೋಗಿದೆ ಎಂದು ನಂಬಿ ಕಾದು ಕುಳಿತು, ಕೊನೆಯ ದಿನ ನಾಡಕಚೇರಿಗೆ ಬಂದರೆ ಅಂತಹ ಅರ್ಜಿಯೇ ದಾಖಲಾಗಿಲ್ಲವೆಂದು ತಿಳಿಯುವ ಸಂದರ್ಭ ಒದಗಬಹುದು. ಆದ್ದರಿಂದ ಸಂಖ್ಯೆ ಇರುವ ಸ್ವೀಕೃತಿ ಪತ್ರವನ್ನು ಪಡೆಯದೆ ಕೇಂದ್ರದಿಂದ ತೆರಳಬಾರದು.

ಶುಲ್ಕ ಪಾವತಿಯ ಹಂತದಲ್ಲಿ ಸೆಷನ್ ಕಡಿತಗೊಂಡರೆ ಕೂಡಲೇ ಎರಡನೇ ಬಾರಿ ಹಣ ಪಾವತಿಸಬಾರದು. ಮೊದಲು ಪುನಃ ಲಾಗಿನ್ ಆಗಿ ಅರ್ಜಿಯ ಹಾಗೂ ಪಾವತಿಯ ಸ್ಥಿತಿಯನ್ನು ಪರಿಶೀಲಿಸಬೇಕು. ಯುಪಿಐ ಮೂಲಕ ಖಾತೆಯಿಂದ ಹಣ ಕಡಿತವಾಗಿ ಪಡೆಯುವವರ ಕಡೆ ದೃಢೀಕರಣ ತಲುಪದಿದ್ದಲ್ಲಿ, ಭಾರತೀಯ ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯಂತೆ ವಹಿವಾಟಿನ ದಿನದಿಂದ 5 ದಿನಗಳೊಳಗೆ ಹಣ ತಾನಾಗಿ ಮರಳಬೇಕು. ನಂತರದ ಪ್ರತಿ ದಿನದ ವಿಳಂಬಕ್ಕೆ 100 ರೂಪಾಯಿ ಪರಿಹಾರವಿದೆ. ಹಣ ಜಮೆಯಾಗಿದ್ದು ಅರ್ಜಿ ಮಾತ್ರ ಅಪೂರ್ಣವಾಗಿದ್ದರೆ, ವಹಿವಾಟಿನ ಸಂಖ್ಯೆಯೊಂದಿಗೆ ಸಂಬಂಧಪಟ್ಟ ಕಚೇರಿ ಅಥವಾ ಆ ತಂತ್ರಾಂಶದ ಸಹಾಯವಾಣಿಯನ್ನು ಸಂಪರ್ಕಿಸುವುದು.