ಸಂಶ್ರಯದ ಷರತ್ತುಗಳು

ಹಳಗನ್ನಡ ಕಾವ್ಯಗಳನ್ನು ಪಾಠ ಹೇಳುತ್ತಿದ್ದ ದಿನಗಳಲ್ಲಿ ‘ಮಾಂಡಲಿಕ’ ಎಂಬ ಮಾತು ಎದುರಾದಾಗಲೆಲ್ಲ ‘ದೊಡ್ಡ ಅರಸನಿಗೆ ಅಧೀನನಾದ ಚಿಕ್ಕ ಅರಸ’ ಎಂದು ಅರ್ಥ ಹೇಳಿ ನಾನು ಮುಂದಿನ ಪದ್ಯಕ್ಕೆ ಹೋಗಿಬಿಡುತ್ತಿದ್ದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ದೊಡ್ಡವನೇ ಕಾಪಾಡುತ್ತಾನೆ ಎಂದ ಮೇಲೆ ಈ ಚಿಕ್ಕ ಅರಸ ತನ್ನ ಸೈನ್ಯವನ್ನು ಏನು ಮಾಡುತ್ತಿದ್ದ?” ಎಂದು ಕೇಳಿದ. ತರಗತಿ ನಕ್ಕಿತು, ನಾನೂ ನಕ್ಕು ಸುಮ್ಮನಾದೆ. ನಿವೃತ್ತನಾಗಿ ಇತಿಹಾಸದ ಪುಸ್ತಕಗಳನ್ನು ಬಿಡುವಾಗಿ ಓದತೊಡಗಿದ ಮೇಲೆ, ಅದು ನಗುವಂಥ ಪ್ರಶ್ನೆಯಾಗಿರಲಿಲ್ಲವೆಂದು ತಿಳಿಯಿತು.

ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ, ಅರಸನು ಅನುಸರಿಸಬಹುದಾದ ಆರು ನೀತಿಗಳ ವಿಚಾರ ಬರುತ್ತದೆ. ಅವುಗಳಲ್ಲಿ ಒಪ್ಪಂದ ಮಾಡಿಕೊಳ್ಳುವುದು ಸಂಧಿ. ಯಾರ ಗೊಡವೆಗೂ ಹೋಗದೆ ತಟಸ್ಥನಾಗಿ ಕುಳಿತಿರುವುದು ಆಸನ. ಬಲವಂತನ ಆಸರೆಯನ್ನು ಪಡೆಯುವುದು ಸಂಶ್ರಯ. ಈ ಮೂರು ಮಾತುಗಳನ್ನು ಕೈದೀವಿಗೆಯಾಗಿ ಹಿಡಿದು, ಉತ್ತರ ಯೂರೋಪಿನ ಕೆಲವು ಚಿಕ್ಕ ರಾಷ್ಟ್ರಗಳ ಅನುಭವವನ್ನು ನೋಡೋಣ. ಅವೆಲ್ಲಕ್ಕೂ ರಷ್ಯವೆಂಬ ಮಹಾಶಕ್ತಿಯೇ ನೆರೆ.

ಎರಡನೆಯ ಮಹಾಯುದ್ಧ ಆರಂಭವಾದ ತಿಂಗಳಲ್ಲೇ, 1939ರ ಸೆಪ್ಟೆಂಬರ್ 28ರಂದು, ಎಸ್ಟೋನಿಯ ಸೋವಿಯತ್ ಒಕ್ಕೂಟದೊಡನೆ ‘ಪರಸ್ಪರ ಸಹಾಯ’ದ ಕರಾರಿಗೆ ಸಹಿ ಹಾಕಿತು. ಅಕ್ಟೋಬರಿನಲ್ಲಿ ಲಾಟ್ವಿಯ, ಲಿಥುವೇನಿಯಗಳೂ ಹಾಕಿದವು. ಹೆಸರು ಪರಸ್ಪರ ಸಹಾಯ. ಆದರೆ ಸಹಾಯದ ಹೆಸರಿನಲ್ಲಿ ಎಸ್ಟೋನಿಯದೊಳಕ್ಕೆ ಬರಲು ಅನುಮತಿ ಪಡೆದ ಸೋವಿಯತ್ ಸೈನಿಕರು 25,000. ಆ ದೇಶದ ಶಾಂತಿಕಾಲದ ಸೈನ್ಯವೇ ಅಷ್ಟಿರಲಿಲ್ಲ. 1940ರ ಜೂನ್‌ನಲ್ಲಿ ಮೂರು ದೇಶಗಳಿಗೂ ಅಂತಿಮ ಎಚ್ಚರಿಕೆ ಬಂದಾಗ, ಎದುರಿಸಬೇಕಾದ ಶತ್ರು ಆಗಲೇ ಅಂಗಳದಲ್ಲಿ ನೆಲೆಯೂರಿದ್ದ. ಆಗಸ್ಟ್‌ನಲ್ಲಿ ಮೂರೂ ಸೋವಿಯತ್ ಒಕ್ಕೂಟದಲ್ಲಿ ಲೀನವಾದವು. ಮತ್ತೆ ಸ್ವತಂತ್ರವಾದುದು 1991ರಲ್ಲಿ. ಆ ನಾಯಕರನ್ನು ಅವಿವೇಕಿಗಳೆನ್ನಲು ನನಗೆ ಮನಸ್ಸಿಲ್ಲ. ಗಡಿಯಲ್ಲಿ ಸೈನ್ಯವನ್ನು ನಿಲ್ಲಿಸಿಕೊಂಡು ಮುಂದಿಟ್ಟ ಕಾಗದವದು.

ಅದೇ ಅಕ್ಟೋಬರಿನಲ್ಲಿ ಫಿನ್ಲೆಂಡಿಗೂ ಬೇಡಿಕೆ ಬಂದಿತು: ಕರೇಲಿಯದ ಗಡಿಯನ್ನು ಹಿಂದಕ್ಕೆ ಸರಿಸಬೇಕು, ಹಾಂಕೊ ಎಂಬ ರೇವನ್ನು ನೌಕಾನೆಲೆಗಾಗಿ ಗುತ್ತಿಗೆ ಕೊಡಬೇಕು. ಫಿನ್ಲೆಂಡ್ ಒಪ್ಪಲಿಲ್ಲ. ನವೆಂಬರ್ 30ರಂದು ಯುದ್ಧ ಆರಂಭವಾಯಿತು. 105 ದಿನ ನಡೆಯಿತು. ಸುಮಾರು 25,000 ಯೋಧರು ಮಡಿದರು, ವೀಪುರಿ ನಗರ ಸಹಿತ ಕರೇಲಿಯ ಕೈಬಿಟ್ಟಿತು, ನಾಲ್ಕು ಲಕ್ಷಕ್ಕೂ ಮೀರಿದ ಜನ ಮನೆಮಠ ತೊರೆದು ಬಂದರು. ದೇಶ ಮಾತ್ರ ಉಳಿಯಿತು. 1941ರಲ್ಲಿ ಜರ್ಮನಿಯ ಜೊತೆಗೂಡಿ ಮತ್ತೆ ಯುದ್ಧಕ್ಕಿಳಿದು 1944ರಲ್ಲಿ ಇನ್ನೊಮ್ಮೆ ಸೋತಿತೆಂಬುದೂ ಅದರ ಚರಿತ್ರೆಯ ಮರೆಯಲಾಗದ ಭಾಗ.

1948ರ ಏಪ್ರಿಲ್‌ನಲ್ಲಿ ಫಿನ್ಲೆಂಡ್ ಮಾಸ್ಕೋದೊಡನೆ ಒಪ್ಪಂದ ಮಾಡಿಕೊಂಡಿತು. ಆ ಕಾಗದವನ್ನು ಎಸ್ಟೋನಿಯದ ಕರಾರಿನ ಪಕ್ಕದಲ್ಲಿಟ್ಟು ಓದಬೇಕು. ಜರ್ಮನಿ ಅಥವಾ ಅದರ ಮಿತ್ರರು ಫಿನ್ಲೆಂಡಿನ ಮೇಲೆ, ಇಲ್ಲವೆ ಅದರ ಮೂಲಕ ಸೋವಿಯತ್ ಒಕ್ಕೂಟದ ಮೇಲೆ ಬಂದರೆ, ಫಿನ್ಲೆಂಡ್ ತನ್ನ ನೆಲದಲ್ಲಿ ತಾನೇ ಹೋರಾಡುತ್ತದೆ. ಸಹಾಯ ಬೇಕಾದರೆ ಉಭಯರೂ ಒಪ್ಪಿ ಅದನ್ನು ನಿರ್ಧರಿಸುತ್ತಾರೆ. ಮಹಾಶಕ್ತಿಗಳ ಕಲಹದಿಂದ ಹೊರಗಿರಬೇಕೆಂಬ ಅದರ ಬಯಕೆಯೂ ಪೀಠಿಕೆಯಲ್ಲಿ ದಾಖಲಾಯಿತು. ಅಧ್ಯಕ್ಷ ಪಾಸಿಕಿವಿ ಗಳಿಸಿದ್ದು ಇಷ್ಟೇ. ಆದರೆ ಈ ‘ಇಷ್ಟೇ’ಯಲ್ಲಿ ಒಂದು ದೇಶದ ಬಾಳು ಅಡಗಿತ್ತು. 1961ರಲ್ಲಿ ಮಾಸ್ಕೋ ಸೈನಿಕ ಸಮಾಲೋಚನೆಗೆ ಕರೆದಾಗ ಅಧ್ಯಕ್ಷ ಕೆಕ್ಕೊನೆನ್ ಸೈಬೀರಿಯದ ನೊವೊಸಿಬಿರ್ಸ್ಕ್‌ವರೆಗೆ ಹೋಗಿ ಕ್ರುಶ್ಚೇವರೊಡನೆ ಮಾತನಾಡಿ, ಆ ಸಮಾಲೋಚನೆಯನ್ನು ಮುಂದೂಡಿಸಿ ಬಂದರು. ಇದಕ್ಕೆ ಬೆಲೆಯೂ ಇತ್ತು: ದೊಡ್ಡ ನೆರೆಯವನ ಮುಖ ನೋಡಿಕೊಂಡು ಮಾತನಾಡುವುದು ದೇಶದೊಳಗೂ ಅಭ್ಯಾಸವಾಯಿತು.

ಪಶ್ಚಿಮಕ್ಕೆ ತಿರುಗಿದರೆ ನಾರ್ವೆಯ ಕಥೆ. ತಟಸ್ಥನಾಗಿರುತ್ತೇನೆಂದು ನಂಬಿದ್ದ ಆ ದೇಶದ ಮೇಲೆ 1940ರ ಏಪ್ರಿಲ್ 9ರಂದು ಜರ್ಮನಿ ದಾಳಿಯಿಟ್ಟಿತು. ‘ಆಸನ’ದಲ್ಲಿ ನಂಬಿಕೆ ಅಂದೇ ಹೋಯಿತು. ಯುದ್ಧಾನಂತರ 1948ರಲ್ಲಿ, ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಮೂರೂ ಸೇರಿ ತಮ್ಮದೇ ರಕ್ಷಣಾ ಕೂಟವನ್ನು ಕಟ್ಟಿಕೊಳ್ಳುವ ಮಾತು ಬಂದಿತು. ಯಾವ ಬಣಕ್ಕೂ ಸೇರದ ಕೂಟವಾಗಬೇಕೆಂದು ಸ್ವೀಡನ್ ಹಟ ಹಿಡಿಯಿತು. ಪಶ್ಚಿಮದ ಬೆಂಬಲವಿಲ್ಲದ ಕೂಟದಿಂದ ಪ್ರಯೋಜನವಿಲ್ಲವೆಂದು ನಾರ್ವೆ ಹೇಳಿತು. 1949ರ ಆರಂಭದಲ್ಲಿ ಮಾತುಕತೆ ಮುರಿದುಬಿತ್ತು. ಏಪ್ರಿಲ್ 4ರಂದು ನಾರ್ವೆ, ಡೆನ್ಮಾರ್ಕ್, ಐಸ್‌ಲೆಂಡ್ ಉತ್ತರ ಅಟ್ಲಾಂಟಿಕ್ ಒಪ್ಪಂದಕ್ಕೆ, ಅಂದರೆ ನೇಟೋ ಕೂಟಕ್ಕೆ, ಸಹಿ ಹಾಕಿದವು.

ಇಲ್ಲಿಯೇ ನಮ್ಮ ಹುಡುಗನ ಪ್ರಶ್ನೆಗೆ ಉತ್ತರದ ಸುಳಿವಿದೆ. ಸಹಿ ಹಾಕುವುದಕ್ಕೆ ಎರಡು ತಿಂಗಳು ಮೊದಲೇ, ಮಾಸ್ಕೋದ ಪ್ರಶ್ನೆಗೆ ಉತ್ತರವಾಗಿ ನಾರ್ವೆ ಒಂದು ಮಾತು ಕೊಟ್ಟಿತ್ತು: ದಾಳಿಯಾಗದೆ, ದಾಳಿಯ ಬೆದರಿಕೆಯೂ ಇಲ್ಲದೆ, ಪರದೇಶದ ಸೈನ್ಯಕ್ಕೆ ನಮ್ಮ ನೆಲದಲ್ಲಿ ನೆಲೆ ಕೊಡುವುದಿಲ್ಲ. 1957ರಲ್ಲಿ ಪ್ಯಾರಿಸ್ಸಿನ ಸಭೆಯಲ್ಲಿ ಪ್ರಧಾನಿ ಗೆರ್ಹಾರ್ಡ್‌ಸನ್, ಅಣ್ವಸ್ತ್ರಗಳನ್ನು ಇರಿಸಿಕೊಳ್ಳುವ ಯೋಜನೆ ತಮ್ಮ ದೇಶಕ್ಕಿಲ್ಲವೆಂದರು. ರಷ್ಯದ ಗಡಿಗೆ ಹತ್ತಿರದ ಫಿನ್‌ಮಾರ್ಕ್ ಪ್ರಾಂತದಲ್ಲಿ ಮಿತ್ರರ ಸಮರಾಭ್ಯಾಸಕ್ಕೂ ಮಿತಿಗಳನ್ನು ಹಾಕಿದರು. ಆಸರೆ ಬೇಕು, ಆದರೆ ಅದರ ಷರತ್ತನ್ನು ಆಸರೆ ಪಡೆಯುವವನೂ ಬರೆಯಬಲ್ಲ ಎಂಬುದು ನಾರ್ವೆಯ ಪಾಠ. ಎಸ್ಟೋನಿಯಕ್ಕೆ ದೊರೆಯದ ಭಾಗ್ಯವಿದು. ಅದರ ‘ಮಿತ್ರ’ ಇಲ್ಲವೆನ್ನಲು ಬಿಡುವವನಾಗಿರಲಿಲ್ಲ.

ಸ್ವೀಡನ್ ಆಸನವನ್ನೇ ಆರಿಸಿಕೊಂಡು, ಬಲವಾದ ವಾಯುಸೇನೆಯನ್ನು ಕಟ್ಟಿತು. ಆದರೆ ತಟಸ್ಥನೆಂದು ಸಾರುತ್ತಲೇ ಅದು ಪಶ್ಚಿಮದವರೊಡನೆ ಗುಟ್ಟಾಗಿ ಸಿದ್ಧತೆ ನಡೆಸಿತ್ತೆಂದು 1994ರಲ್ಲಿ ಸರ್ಕಾರಿ ಆಯೋಗವೇ ಬಯಲು ಮಾಡಿತು. ಭಯ ಕಳೆಯಿತೆಂದು 2010ರಲ್ಲಿ ಕಡ್ಡಾಯ ಸೈನಿಕ ಸೇವೆಯನ್ನು ನಿಲ್ಲಿಸಿ, 2017ರಲ್ಲಿ ಮರಳಿ ತರಲು ನಿರ್ಧರಿಸಿತು. ಫಿನ್ಲೆಂಡ್ ಅದನ್ನು ಒಮ್ಮೆಯೂ ಬಿಡಲಿಲ್ಲ. ಸುಮಾರು 56 ಲಕ್ಷ ಜನರ ಆ ದೇಶ ಯುದ್ಧಕಾಲಕ್ಕೆ 2,80,000 ಯೋಧರನ್ನು ನಿಲ್ಲಿಸಬಲ್ಲುದು.

2022ರಲ್ಲಿ ರಷ್ಯ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ದಾಳಿ ನಡೆಸಿದ ಮೇಲೆ ಲೆಕ್ಕಾಚಾರಗಳೆಲ್ಲ ತಿರುಗಿದವು. ಫಿನ್ಲೆಂಡ್ 2023ರ ಏಪ್ರಿಲ್ 4ರಂದು, ನೇಟೋದ ಎಪ್ಪತ್ತನಾಲ್ಕನೆಯ ವರ್ಷ ತುಂಬಿದ ದಿನವೇ, ಅದನ್ನು ಸೇರಿತು. ಸ್ವೀಡನ್ 2024ರ ಮಾರ್ಚ್ 7ರಂದು ಸೇರಿತು. ಫಿನ್ಲೆಂಡ್ 2023ರ ಡಿಸೆಂಬರಿನಲ್ಲಿ ಅಮೆರಿಕದೊಡನೆ ಬೇರೊಂದು ಕರಾರು ಮಾಡಿಕೊಂಡು ತನ್ನ 15 ಸೈನಿಕ ತಾಣಗಳನ್ನು ಅದರ ಬಳಕೆಗೆ ತೆರೆಯಲು ಒಪ್ಪಿತು. ಹಿಂದೆ ಹಾಂಕೊ ಒಂದನ್ನು ಕೊಡಲಾರೆನೆಂದು ಯುದ್ಧವನ್ನೇ ಎದುರಿಸಿದ್ದ ದೇಶವಿದು. ಅಂದು ಕೇಳಿದವನು ಬೆದರಿಸಿ ಕೇಳಿದ್ದ. ಇಂದು ಚುನಾಯಿತ ಸಂಸತ್ತು ಚರ್ಚಿಸಿ ಒಪ್ಪಿದೆ. ಈ ವ್ಯತ್ಯಾಸ ಅಲ್ಪವಲ್ಲ. ಆದರೂ ನಾರ್ವೆ ಒಮ್ಮೆ ಎಳೆದಂಥ ಗೆರೆಯನ್ನು ಈ ಹೊಸಬರು ಎಲ್ಲಿ ಎಳೆಯುತ್ತಾರೆಂಬ ಪ್ರಶ್ನೆ ಉಳಿದೇ ಇದೆ.

ಆ ಹುಡುಗ ಈಗ ಎದುರಿಗಿದ್ದರೆ ಇಷ್ಟು ಹೇಳುತ್ತಿದ್ದೆ: “ಚಿಕ್ಕ ಅರಸ ತನ್ನ ಸೈನ್ಯವನ್ನು ಉಳಿಸಿಕೊಳ್ಳಬೇಕಪ್ಪಾ. ಅದರಿಂದ ದೊಡ್ಡವನನ್ನು ಗೆಲ್ಲಲಾಗುವುದೆಂದಲ್ಲ. ಆಸರೆಯ ಕಾಗದ ಮುಂದೆ ಬಂದಾಗ ಅದರಲ್ಲಿ ತನ್ನದೂ ಒಂದು ಸಾಲನ್ನು ಬರೆಯುವುದಕ್ಕೆ.” ತರಗತಿಯಲ್ಲಿ ನಕ್ಕು ಕಳೆದ ಪ್ರಶ್ನೆಗೆ ಈ ಉತ್ತರ ತಡವಾಗಿ ಬಂದಿದೆ, ಅವನು ಎಲ್ಲಿಯಾದರೂ ಕೇಳುತ್ತಿದ್ದರೆ ಕ್ಷಮಿಸಲಿ.